ಕಂಬಳಿಯವರ ನಂಬರು

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ

ಮನೆಯನ್ನು ಮರೆತ ಯಜಮಾನರಿಗೆ, ಇನ್ನೂ ಮರೆಯದ ಹೆಂಡತಿಯ ನಮಸ್ಕಾರಗಳು.

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ಬಿಪಿ ಮಾತ್ರೆ ನುಂಗುತ್ತಿದ್ದೀರೋ, ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೀರೋ? ಅವರೆಲ್ಲ ನೆಲದ ಮೇಲೆ ಮಲಗುತ್ತಾರೆಂದು ನೀವೂ ನೆಲದ ಮೇಲೆ ಮಲಗುವ ಹಟ ಬೇಡ. ನಾನು ಚೆನ್ನಾಗಿದ್ದೇನೆ, ಅಂದರೆ ಹೇಗಿದ್ದೀಯೆಂದು ಕೇಳುವವರಿಲ್ಲದ ಕಾರಣ ಚೆನ್ನಾಗಿಯೇ ಇದ್ದೇನೆಂದು ತಿಳಿದುಕೊಂಡಿದ್ದೇನೆ. ಮಗಳು ಬಂದು ಎರಡು ದಿನ ಇದ್ದು ಹೋದಳು. ಬಚ್ಚಲುಮನೆಯ ನಲ್ಲಿ ನೀವು ಹೋಗುವಾಗ ಹೇಗೆ ಸೋರುತ್ತಿತ್ತೋ ಹಾಗೆಯೇ ಸೋರುತ್ತಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಫೋನಿನಲ್ಲಿ ಯಾವಾಗಲೂ ಪಕ್ಕದಲ್ಲಿ ಯಾರಾದರೊಬ್ಬರು ಕೆಮ್ಮುತ್ತಿರುತ್ತಾರೆ. ಹೆಂಡತಿ ಗಂಡನಿಗೆ ಬೈಯುವುದನ್ನು ಊರೆಲ್ಲ ಕೇಳಬಾರದೆಂದು ಕಾಗದ ಬರೆಯುತ್ತಿದ್ದೇನೆ.

ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ? ನಿಮ್ಮ ಹಳೆಯ ಸುಬೇದಾರರು ನಡೆಸುವ ರಾತ್ರಿ ತಂಗುದಾಣದಲ್ಲಿ ಮಾಜಿ ಸೈನಿಕರು ಬೀದಿಪಾಲಾಗಿ ಬಂದು ಮಲಗುತ್ತಾರೆ, ಒಬ್ಬರ ಬಳಿಯೂ ಗುರುತಿನ ಚೀಟಿ ಇಲ್ಲ, ಒಂದು ವಾರ ಹೋಗಿ ಕಚೇರಿಗಳಿಗೆ ಓಡಾಡಿ ಬರುತ್ತೇನೆ ಎಂದು ಚೀಲ ಹೆಗಲಿಗೇರಿಸಿದಿರಿ. ಆ ವಾರ ಚಳಿಗಾಲವನ್ನೆಲ್ಲ ನುಂಗಿ ಕೂತಿದೆ. ಕಾಗದ ಬಿಚ್ಚಿದರೆ ಅವರದ್ದೇ ಪುರಾಣ. ಒಬ್ಬರ ಹುಬ್ಬಿನ ಮೇಲೆ ಹೊಲಿಗೆಯ ಗುರುತು, ಇನ್ನೊಬ್ಬರ ಬೆರಳಿನ ಗೆರೆ ಸವೆದು ಯಂತ್ರ ಹಿಡಿಯುವುದಿಲ್ಲ, ಮತ್ತೊಬ್ಬರಿಗೆ ಚಹಾಕ್ಕೆ ಸಕ್ಕರೆ ಎರಡು ಚಮಚ. ಆ ಸಕ್ಕರೆಯ ಸಾಲು ಓದಿ ಕಾಗದವನ್ನು ಅಲ್ಲೇ ಕೆಳಗಿಟ್ಟೆ. ನಾನು ಸಕ್ಕರೆ ಬಿಟ್ಟು ಎಷ್ಟೋ ವರ್ಷವಾಯಿತು, ಈಗಲೂ ನೀವು ಚಹಾ ಮಾಡಿದರೆ ನನ್ನ ಲೋಟಕ್ಕೆ ಸಕ್ಕರೆ ಬಿದ್ದೇ ಬೀಳುತ್ತದೆ. ಹಿಮದಲ್ಲಿ ದಾರಿ ತಪ್ಪಿ ಅತ್ತ ಕಥೆಯನ್ನು ಅವರ ಮುಂದೆ ಹೇಳಿದಿರಂತೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವಳಿಗೆ ನೀವು ಯಾವತ್ತಾದರೂ ಅತ್ತಿದ್ದೀರೆಂದೇ ಗೊತ್ತಿರಲಿಲ್ಲ. ಎದುರುಮನೆಯ ದರ್ಜಿಯಮ್ಮ ಮೊನ್ನೆ, "ನಿಮ್ಮ ಯಜಮಾನ್ರು ದೇವರಂಥೋರು ಬಿಡಿ" ಅಂದರು. ದೇವರಂಥವರ ಜೊತೆ ಅವರೂ ನಾಲ್ಕು ದಿನ ಸಂಸಾರ ಮಾಡಿ ನೋಡಲಿ.

ಈಗ ನಿಮ್ಮ ಕಂಬಳಿಯವರ ವಿಷಯ. ಮಧ್ಯಾಹ್ನದ ಬಿಸಿಲಲ್ಲೂ ಕಂಬಳಿ ಹೊದ್ದೇ ಇರುತ್ತಾರೆಂದು ಆ ಹೆಸರಿಟ್ಟಿರಂತೆ; ನನಗೆ ನೀವು ಮುದ್ದಿಗೂ ಒಂದು ಅಡ್ಡಹೆಸರು ಇಟ್ಟವರಲ್ಲ. ಹೋದ ಕಾಗದ ಪೂರ್ತಿ ಅವರೇ. ಕಾಲಿನ ಹುಣ್ಣು ಕೀವಾಗಿದೆ, ಗುರುತಿನ ಚೀಟಿ ಇಲ್ಲದೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡುವುದಿಲ್ಲ, ತಡವಾದರೆ ಕಾಲೇ ಹೋಗುತ್ತದೆ. ಅವರು ಹೇಳಿದ ಸರ್ವಿಸ್ ನಂಬರನ್ನು ಸೈನ್ಯದ ದಾಖಲೆ ಕಚೇರಿಗೆ ಕಳಿಸಿದರೆ ಅಂಥ ವ್ಯಕ್ತಿಯೇ ಇಲ್ಲವೆಂದು ಉತ್ತರ ಬಂತು. ಅದನ್ನು ಕೇಳಿ ಅವರು, "ಹಂಗಾದ್ರೆ ನಾನು ಸೈನ್ಯದಲ್ಲಿ ಇರ್ಲೇ ಇಲ್ವೇನೋ ಸಾರ್" ಅಂದರೆಂದು ಬರೆದಿದ್ದೀರಿ. ಅವರ ಕೆಲಸ ಆಗುವವರೆಗೆ ಮನೆಗೆ ಬರುವುದಿಲ್ಲವೆಂದೂ ಬರೆದಿದ್ದೀರಿ. ಜೊತೆಗೆ ಮೆತ್ತಗೆ ಒಂದು ಕೋರಿಕೆ ಬೇರೆ: ಚೀಟಿಗೆ ಮನೆಯ ವಿಳಾಸ ಬೇಕು, ತಂಗುದಾಣದ್ದು ನಡೆಯುವುದಿಲ್ಲ, ನಮ್ಮದನ್ನು ಕೊಡಲೇ ಎಂದು. ಗಂಡನನ್ನು ಕೊಟ್ಟಿದ್ದಾಯಿತು, ಇನ್ನು ಮನೆಯೊಂದು ಬಾಕಿ ಎಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಆದರೆ ಅವರ ಆ ಮಾತು ಮಾತ್ರ ತಲೆಯಿಂದ ಇಳಿಯಲೇ ಇಲ್ಲ.

ಇಂದು ಬೆಳಿಗ್ಗೆ ಬಟ್ಟೆ ಒಣಹಾಕುವಾಗ ನಮ್ಮ ಮದುವೆಯ ಹೊಸತು ನೆನಪಾಯಿತು. ನೀವು ರಜೆಯ ಮೇಲೆ ಬಂದಿದ್ದಿರಿ. ನಿದ್ದೆಯಲ್ಲಿ ಏನೋ ಒಂದು ನಂಬರು ಹೇಳುತ್ತಿದ್ದಿರಿ. ಇದು ಯಾವಳೋ ಒಬ್ಬಳ ಫೋನ್ ನಂಬರೇ ಎಂದು ನಾನು ಬಾಯಿಪಾಠ ಮಾಡಿಕೊಂಡು, ಮೂಲೆಯ ಬೂತಿಗೆ ಹೋಗಿ ಫೋನ್ ಮಾಡಿದೆ. ಯಾವುದೋ ಹಿಟ್ಟಿನ ಗಿರಣಿಯವನು ಎತ್ತಿದ. "ಯಾವಳ್ರೀ ಅವಳು, ಕೊಡ್ರೀ ಫೋನು" ಎಂದು ಆ ಬಡಪಾಯಿಯನ್ನು ಹುರಿದು ಮುಕ್ಕಿದೆ. ನಿಮ್ಮನ್ನು ಕೇಳಿದರೆ ನೀವು ಬಿದ್ದು ಬಿದ್ದು ನಕ್ಕು, "ಅದು ನನ್ನ ರೈಫಲ್ ನಂಬರ್ ಕಣೇ" ಅಂದಿರಿ. ಅಂದಿನಿಂದ ಆ ಬಂದೂಕನ್ನು ಕಂಡರೆ ನನಗಾಗದು, ಕಾಣದಿದ್ದರೂ. ನಿಮ್ಮ ಸರ್ವಿಸ್ ನಂಬರು ಬೇರೆಯೇ, ಪಿಂಚಣಿ ಕಾಗದದಲ್ಲಿ ವರ್ಷ ವರ್ಷವೂ ಬರೆಯುವವಳು ನಾನೇ. ಕನಸಿನಲ್ಲಿ ಅದು ಒಮ್ಮೆಯೂ ಬಂದಿಲ್ಲ.

ಈಗ ಹೇಳಿ. ಸೈನ್ಯದಲ್ಲಿದ್ದಾಗ ಆಯುಧದ ಕೋಣೆಯ ಕಿಟಕಿಯಲ್ಲಿ ಕೂತು ಬಂದೂಕು ಕೊಡುವಾಗ ಗದರುತ್ತಿದ್ದ ಅದೇ ದನಿಯಲ್ಲಿ "ನಂಬರ್" ಎನ್ನುತ್ತೇನೆ, ಕೂತವರೂ ಎದ್ದು ನಿಂತು ಹೇಳುತ್ತಾರೆ ಎಂದು ಹೆಮ್ಮೆಯಿಂದ ಬರೆದಿದ್ದಿರಲ್ಲ? ತಂಗುದಾಣದ ಉಳಿದವರು ಡ್ರೈವರುಗಳು, ಅಡುಗೆಯವರು. ಅಂಥ ಕಿಟಕಿಯ ಮುಂದೆ ದಿನವೂ ನಿಂತು, ಬಂದೂಕಿನ ನಂಬರು ಹೇಳಿ ಅದನ್ನು ಪಡೆದವರು ಕಂಬಳಿಯವರೊಬ್ಬರೇ. ಆ ದನಿ ಕೇಳಿದರೆ ಅವರ ಬಾಯಿಗೆ ಬರುವುದು ಬಂದೂಕಿನ ನಂಬರೇ ಹೊರತು ಅವರದ್ದಲ್ಲ. ತಪ್ಪು ಅವರದ್ದಲ್ಲ, ನಿಮ್ಮ ಗಂಟಲಿನದು. ಚಹಾ ಕೊಟ್ಟು, ಪಕ್ಕದಲ್ಲಿ ಕೂತು, ಸಂಬಳದ ದಿನ ಯಾವ ನಂಬರು ಕೂಗಿ ಕರೆಯುತ್ತಿದ್ದರು ಎಂದು ಮೆಲ್ಲಗೆ ಕೇಳಿ. ಮೆಲ್ಲಗೆ ಮಾತಾಡುವುದು ನಿಮಗೆ ಬಾರದಿದ್ದರೆ ಸುಬೇದಾರರ ಹೆಂಡತಿಗೆ ಹೇಳಿ.

ಸುಬೇದಾರರಿಗೂ ಅವರ ಹೆಂಡತಿಗೂ ನನ್ನ ನಮಸ್ಕಾರ. ಅಲ್ಲಿರುವ ಎಲ್ಲರನ್ನೂ ಕೇಳಿದೆನೆಂದು ಹೇಳಿ. ಹೊಟ್ಟೆಕಿಚ್ಚಿನ ಮಾತು ಹೇಳಬೇಡಿ. ಮಾತ್ರೆ ಮರೆಯಬೇಡಿ.

ಇಂತಿ,
ಯಾವ ದಾಖಲೆಯೂ ಕೇಳದೆ ನಿಮ್ಮನ್ನು ನಂಬಿ ಬಂದ,
ನಿಮ್ಮ ಹೆಂಡತಿ

ಮರೆತಿದ್ದೆ: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಮ್ಮ ವಿಳಾಸ ಕೊಡಿ. ಆದರೆ ಬರೀ ಬರೆಸುವುದಕ್ಕೆ ನಾನು ಒಪ್ಪುವವಳಲ್ಲ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವರು ಇಲ್ಲೇ ಬಂದು ಇರಬೇಕು, ನೀವೇ ಕರೆತರಬೇಕು. ಹಿಂದಿನ ಕೋಣೆ ಗುಡಿಸಿಟ್ಟಿದ್ದೇನೆ. ಯಾರ ಮನೆ ಎಂದು ಕಚೇರಿಯಲ್ಲಿ ಕೇಳಿದರೆ ನಿಮ್ಮ ಹೆಸರು ಬೇಡ, ನನ್ನದು ಬರೆಸಿ. ನಿಮ್ಮ ಕಡೆಯವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವರೊಬ್ಬರು ನನ್ನ ಕಡೆಯವರು.