ಚುಕ್ಕೆಗಳ ಪುಸ್ತಕವನ್ನು ಬಾಯಿಪಾಠ ಮಾಡಿಸಿದವಳು ನಾನು

ಸೇನಾ ನೇಮಕಾತಿಯ ಮುಖ್ಯ ವೈದ್ಯಾಧಿಕಾರಿಗಳೇ,

ನನ್ನ ಮಗನ ಕಡತದಲ್ಲಿ ನಿಮ್ಮ ಕಚೇರಿ ‘ವಂಚನೆಗೆ ಯತ್ನಿಸಿದ ಅಭ್ಯರ್ಥಿ’ ಎಂದು ಬರೆದಿದೆ. ಆ ವಂಚನೆ ಮಾಡಿದವಳು ನಾನು. ಇದನ್ನು ತಿಳಿಸಲು ನಿಮಗೆ ನಾಲ್ಕು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ. ಎರಡು ಸಲ ಖುದ್ದಾಗಿ ಬಂದೆ. ‘ಅಭ್ಯರ್ಥಿ ಬಿಟ್ಟು ಬೇರೆಯವರ ಹತ್ರ ಮಾತಾಡೋ ಹಾಗಿಲ್ಲಮ್ಮ’ ಎಂದು ನಿಮ್ಮ ಗುಮಾಸ್ತರು ಕಿಟಕಿ ಎಳೆದುಕೊಂಡರು. ಅಪರಾಧಿ ತಾನಾಗಿ ಬಂದು ಬಾಗಿಲಲ್ಲಿ ನಿಂತರೂ ಬೇಡವೆನ್ನುವ ಕಚೇರಿ ಜಗತ್ತಿನಲ್ಲಿ ಇನ್ನೆಲ್ಲಾದರೂ ಇದೆಯೇ? ಬೇರೆ ದಾರಿ ಕಾಣದೆ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಯಜಮಾನರು ಲಿಫ್ಟ್ ರಿಪೇರಿ ಮಾಡುತ್ತಾರೆ. ನನ್ನ ಅಪ್ಪ ನಿಮ್ಮದೇ ಸೇನೆಯಲ್ಲಿ ಹತ್ತೊಂಬತ್ತು ವರ್ಷ ಲಾರಿ ಓಡಿಸಿದವರು. ನಮ್ಮ ಒಬ್ಬನೇ ಮಗನಿಗೆ ತಾತ ಎಂದರೆ ಪ್ರಾಣ. ತಾತನ ಕಥೆಗಳನ್ನು ಕೇಳಿ ಕೇಳಿ, ಏಳನೇ ಕ್ಲಾಸಿನಲ್ಲೇ ತಾನು ಏನಾಗಬೇಕೆಂದು ಅವನು ತೀರ್ಮಾನಿಸಿಬಿಟ್ಟಿದ್ದ. ನಿಮ್ಮ ನೇಮಕಾತಿಗೆ ಮೂರು ಸಲ ಬಂದ. ಮೊದಲ ಸಲ ಓಟದಲ್ಲಿ ಹನ್ನೊಂದು ಸೆಕೆಂಡು ತಡವಾಯಿತು. ಎರಡನೇ ಸಲ ಎದೆಯ ಸುತ್ತಳತೆ ಒಂದು ಸೆಂಟಿಮೀಟರ್ ಕಡಿಮೆ ಬಿತ್ತು. ಮೂರನೇ ವರ್ಷ ಓಟ, ಅಳತೆ, ಲಿಖಿತ ಪರೀಕ್ಷೆ ಎಲ್ಲ ದಾಟಿ, ಕಟ್ಟಕಡೆಗೆ ಒಂದು ಕುರ್ಚಿಯ ಮೇಲೆ ಕೂತ. ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಅದರೊಳಗಿನ ಅಂಕಿಗಳನ್ನು ಓದಲು ಹೇಳಿದರು. ಅವನಿಗೆ ಅಂಕಿ ಕಾಣಲಿಲ್ಲ. ಹತ್ತು ನಿಮಿಷವೂ ಹಿಡಿಯದ ಪರೀಕ್ಷೆ.

ವಾರದ ನಂತರ ನಿಮ್ಮ ಪತ್ರ ಬಂತು. ಮೂರು ಸಾಲಿನ ಪತ್ರದಲ್ಲಿ ‘ದೃಷ್ಟಿ’ಯ ಕಾಗುಣಿತ ತಪ್ಪಾಗಿತ್ತು, ‘ವೈದ್ಯಕೀಯ’ ತಪ್ಪಾಗಿತ್ತು. ‘ಅನರ್ಹ’ ಎಂಬುದನ್ನು ಮಾತ್ರ ಅರ್ಕಾವೊತ್ತು ಕೂಡ ಹೆಚ್ಚುಕಮ್ಮಿಯಾಗದಂತೆ ಬರೆದಿದ್ದರು.

ಊರಿನ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಕೆಂಪು ಹಸಿರು ಬೇರೆ ಮಾಡಲಾಗದ ಹುಟ್ಟುದೋಷ, ಔಷಧಿಯಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಇದು ತಾಯಿ ಕಡೆಯಿಂದ ಬರತ್ತೆ. ನಿಮ್ಮ ತಂದೆಯವರಿಗೆ ಇತ್ತಾ?’ ಎಂದು ಕೇಳಿದರು. ಇಲ್ಲ, ಅವರು ಸೇನೆಯಲ್ಲಿದ್ದರು ಎಂದು ಹೇಳಲು ಬಾಯಿ ತೆರೆದೆ. ಚಿಕ್ಕವಳಿದ್ದಾಗ ಅಪ್ಪ ನನಗೆ ರಸ್ತೆ ದಾಟುವುದನ್ನು ಕಲಿಸಿದ್ದು ನೆನಪಾಯಿತು. ‘ಮೇಲಿನ ದೀಪ ಹತ್ತಿದ್ರೆ ಗಾಡಿ ನಿಲ್ತವೆ. ಕೆಳಗಿಂದು ಹತ್ತಿದ್ರೆ ಬರ್ತವೆ, ನೀನು ನಿಲ್ಲು.’ ಕೆಂಪು, ಹಸಿರು ಎಂಬ ಮಾತನ್ನು ಅವರು ಒಂದು ದಿನವೂ ಆಡಿರಲಿಲ್ಲ. ಹಣ್ಣಿನ ಅಂಗಡಿಯಲ್ಲಿ ಒಂದೊಂದನ್ನೂ ಒತ್ತಿ ಒತ್ತಿ ನೋಡುತ್ತಿದ್ದರು; ಅದನ್ನು ಜಿಪುಣತನವೆಂದು ನಾವೆಲ್ಲ ನಗುತ್ತಿದ್ದೆವು. ಹತ್ತೊಂಬತ್ತು ವರ್ಷ ನಿಮ್ಮ ಸೈನಿಕರನ್ನು ಕೂರಿಸಿಕೊಂಡು ಬೆಟ್ಟದ ದಾರಿಯಲ್ಲಿ ಲಾರಿ ಓಡಿಸಿದ ಮನುಷ್ಯ, ಒಂದೂ ಅಪಘಾತ ಮಾಡದೆ ಮನೆಗೆ ಬಂದರು. ಅವರ ಕಣ್ಣನ್ನು ನೀವು ಪರೀಕ್ಷೆ ಮಾಡಿದ್ದಿರೋ ಇಲ್ಲವೋ? ಮಾಡಿದ್ದರೆ ಏನನ್ನು ನೋಡಿದಿರಿ? ಈಗ ಕೇಳಲು ಅಪ್ಪನೂ ಇಲ್ಲ.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಮರುಪರೀಕ್ಷೆಗೆ ಆರು ವಾರದ ಅವಕಾಶವಿತ್ತು. ಪರಿಚಯದ ಕನ್ನಡಕದ ಅಂಗಡಿಯಿಂದ ಅಂಥದೇ ಪುಸ್ತಕ ತಂದೆ. ದಿನಾ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿ ಮಗನನ್ನು ಕೂರಿಸುತ್ತಿದ್ದೆ.

‘ಅಮ್ಮಾ, ಇದ್ರಲ್ಲಿ ನಂಗೆ ಏನೂ ಕಾಣಲ್ಲ. ಮರಳು ಚೆಲ್ಲಿದ ಹಾಗಿದೆ.’

‘ಕಾಣೋದು ಬೇಡ. ಎಡಗಡೆ ಅಂಚಲ್ಲಿ ಮೂರು ದಪ್ಪ ಚುಕ್ಕೆ ಒಟ್ಟಿಗೆ ಇದೆಯಲ್ಲ? ಅದಿದ್ರೆ ಎಪ್ಪತ್ನಾಲ್ಕು ಅನ್ನು.’

ಯಜಮಾನರು ಒಂದು ಸಂಜೆ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದರು: ‘ಬೇಡ ಕಣೇ. ಒಂದ್ಸಲ ಜೊತೆಗೆ ಕೆಲಸಕ್ಕೆ ಬಂದಾಗ ಹಸಿರು ವೈರ್ ಕೊಡೋ ಅಂದ್ರೆ ಕೆಂಪು ಕೊಟ್ಟಿದ್ದ. ಕಣ್ಣು ಎಲ್ಲಿಟ್ಟಿದ್ದೀಯ ಅಂತ ಎಲ್ಲರ ಮುಂದೆ ಬೈದೆ. ಅವನಿಗೆ ಕಾಣಲ್ಲ ಅಂದ್ರೆ ಕಾಣಲ್ಲ, ಬಿಟ್ಬಿಡು.’ ನಾನು ಬಿಡಲಿಲ್ಲ. ನನ್ನಿಂದ ಬಂದ ದೋಷವನ್ನು ನಾನೇ ಸರಿಮಾಡುತ್ತೇನೆಂಬ ಹಠ. ಐದನೇ ವಾರಕ್ಕೆ ಇಡೀ ಪುಸ್ತಕ ಅವನ ಬಾಯಲ್ಲಿತ್ತು.

ನಿಮ್ಮ ಆಸ್ಪತ್ರೆಯ ಪುಸ್ತಕ ಬೇರೆ ಮುದ್ರಣದ್ದು. ಅಷ್ಟನ್ನು ನಾನು ಯೋಚಿಸಿರಲಿಲ್ಲ. ಮರುಪರೀಕ್ಷೆಯ ದಿನ ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಅವನ ಸರ್ಟಿಫಿಕೇಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು.

‘ಎಪ್ಪತ್ನಾಲ್ಕು.’

‘ಸರಿಯಾಗಿ ನೋಡಿ ಹೇಳು.’

‘ಎಪ್ಪತ್ನಾಲ್ಕೇ ಸಾರ್.’

ಆಮೇಲೆ ಅಧಿಕಾರಿಯ ದನಿ, ಸಿಟ್ಟಿಲ್ಲದ ದನಿ: ‘ಈ ಪುಟದಲ್ಲಿ ನಂಬರೇ ಇಲ್ಲವಲ್ಲಪ್ಪ. ಬರೀ ಗೆರೆ ಇರೋದು. ಯಾರು ಹೇಳಿಕೊಟ್ರು ನಿಂಗೆ?’

‘ಯಾರೂ ಇಲ್ಲ ಸಾರ್. ನಾನೇ ಕಲಿತೆ.’

ನನಗೂ ಆ ಬಾಗಿಲಿಗೂ ನಾಲ್ಕು ಹೆಜ್ಜೆ. ನಾನು ಏಳಲಿಲ್ಲ. ಸುಮ್ಮನಿದ್ದರೆ ಬೈದು ಇನ್ನೊಂದು ಅವಕಾಶ ಕೊಟ್ಟಾರು ಎಂದುಕೊಂಡೆನೋ, ಬರೀ ಹೆದರಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಒಳಗೆ ಏನೋ ಬರೆಯಿಸಿದರು, ಅವನು ಸಹಿ ಹಾಕಿದ. ಹೊರಗೆ ಬಂದು, ‘ನಡಿ ಅಮ್ಮ, ಬೆಳಗ್ಗೆಯಿಂದ ನೀನು ಏನೂ ತಿಂದಿಲ್ಲ’ ಎಂದ.

ಮಾನ್ಯರೇ, ನಿಯಮ ಮುರಿಯಿರಿ ಎಂದು ನಾನು ಕೇಳುತ್ತಿಲ್ಲ. ಸಂಕೇತಕ್ಕೆಂದು ಆಕಾಶಕ್ಕೆ ಹಾರಿಸಿದ ದೀಪದ ಬಣ್ಣ ತಪ್ಪಾಗಿ ತಿಳಿದವನಿಂದ ಹತ್ತು ಜನ ಸಾಯಬಹುದು. ಅಷ್ಟು ನನಗೂ ಅರ್ಥವಾಗುತ್ತದೆ. ಆದರೆ ಹತ್ತು ನಿಮಿಷದ ಪರೀಕ್ಷೆಯನ್ನು ಮೂರು ವರ್ಷದ ಕೊನೆಯಲ್ಲಿ ಇಟ್ಟಿರುವುದು ಯಾವ ಯುದ್ಧತಂತ್ರ? ಮೊದಲ ವರ್ಷವೇ, ಓಡುವ ಮುಂಚೆ ಆ ಪುಸ್ತಕ ತೆರೆದಿದ್ದರೆ ನಿಮಗೆ ಯಾವ ನಷ್ಟವಿತ್ತು? ನಿಮ್ಮ ಅಡುಗೆಮನೆಯಲ್ಲಿ, ಉಗ್ರಾಣದಲ್ಲಿ, ಕಾಗದ ನೋಡುವ ಕೋಣೆಯಲ್ಲಿ ಕೂಡ ಚುಕ್ಕೆ ಕಾಣದವನಿಗೆ ಜಾಗವಿಲ್ಲವೇ? ಇದನ್ನು ಗುಮಾಸ್ತರನ್ನು ಕೇಳಿದ್ದಕ್ಕೆ ‘ನಿಯಮ’ ಎಂದರು. ಒಂದೇ ಪದದಲ್ಲಿ ಇಷ್ಟೆಲ್ಲಕ್ಕೂ ಉತ್ತರ ಕೊಡುವ ವಿದ್ಯೆಗೆ ಯಾವ ಪರೀಕ್ಷೆ ಪಾಸಾಗಬೇಕೋ!

ಸೇನೆಯ ಆಸೆಯನ್ನು ಅವನು ಅಲ್ಲಿಗೇ ಬಿಟ್ಟ. ಹೋದ ತಿಂಗಳು ವಯಸ್ಸಿನ ಮಿತಿಯೂ ದಾಟಿತು. ಒಂದು ಕಾರ್ಖಾನೆಯ ಕಾವಲು ಕೆಲಸಕ್ಕೆ ಹೋದ. ನಿಮ್ಮ ಕಚೇರಿಯಿಂದ ಮಾಹಿತಿ ತರಿಸಿಕೊಂಡ ಮ್ಯಾನೇಜರು, ‘ಸೇನೆಗೇ ಮೋಸ ಮಾಡೋಕೆ ಹೋದವನನ್ನ ಗೇಟಲ್ಲಿ ಹೆಂಗಪ್ಪ ನಿಲ್ಸೋದು?’ ಎಂದು ಕಳಿಸಿದರು. ಅಗ್ನಿಶಾಮಕ ದಳಕ್ಕೂ ಹೋದ; ಅವರು ಕಾರಣವನ್ನೂ ಹೇಳದೆ ಕಳಿಸಿದರು. ಈಗ ಶೀತಲ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ. ನನ್ನ ಮೇಲೆ ಒಂದು ದಿನವೂ ರೇಗಿಲ್ಲ. ರೇಗಿದ್ದರೆ ಒಂದಿಷ್ಟು ಹಗುರಾಗುತ್ತಿದ್ದೆ.

ಮೊನ್ನೆ ಬಟ್ಟೆ ಮಡಚುತ್ತಾ ಕೇಳಿಯೇಬಿಟ್ಟೆ: ‘ಅವತ್ತು ನನ್ನ ಹೆಸರು ಯಾಕೋ ಹೇಳಲಿಲ್ಲ?’

‘ಹೇಳಿದ್ರೆ ನಿನ್ನನ್ನೂ ಒಳಗೆ ಕರೆದು ಬೈತಿದ್ರು. ಅದನ್ನ ಕೇಳ್ಕೊಂಡು ನಿಲ್ಲೋಕೆ ನನ್ನ ಕೈಲಿ ಆಗ್ತಿರಲಿಲ್ಲಮ್ಮ.’

ನೀವು ವಂಚಕನೆಂದು ಬರೆದಿಟ್ಟಿರುವುದು ಇವನನ್ನು.

ಹಾಗಾಗಿ ನನ್ನ ಒತ್ತಾಯ ಇಷ್ಟು. ಕಣ್ಣಿನ ಪರೀಕ್ಷೆಯನ್ನು ನೇಮಕಾತಿಯ ಮೊದಲ ದಿನವೇ ಮಾಡಿ. ಇನ್ನೊಬ್ಬರ ಮಕ್ಕಳಾದರೂ ಸುಮ್ಮಸುಮ್ಮನೆ ಓಡದಿರಲಿ. ನನ್ನ ಮಗನ ಕಡತದಿಂದ ಆ ಸಾಲನ್ನು ಹೊಡೆದುಹಾಕಿ. ಬಣ್ಣ ಕಾಣದವನು ಎಂಬುದು ಇರಲಿ, ಅದು ನಿಜ. ಯಾರನ್ನಾದರೂ ವಂಚಕರೆಂದು ಬರೆಯಲೇಬೇಕಿದ್ದರೆ ನನ್ನ ಮೇಲೆ ಒಂದು ಕಡತ ತೆರೆಯಿರಿ, ಕರೆದ ದಿನ ಬಂದು ಸಹಿ ಹಾಕುತ್ತೇನೆ. ನೀವು ಕರೆಯುವುದಿಲ್ಲವೆಂದು ಗೊತ್ತು. ಈ ಪತ್ರವೂ ಹಿಂದಿನ ನಾಲ್ಕರ ಮೇಲೆ ಐದನೆಯದಾಗಿ ಕೂರುತ್ತದೆ ಎಂಬುದೂ ಗೊತ್ತು.

ಇಂತಿ,
ಏಳಬೇಕಾದ ಹೊತ್ತಿನಲ್ಲಿ ಬೆಂಚಿನಿಂದ ಏಳದ ಒಬ್ಬ ತಾಯಿ