ನಾನು ಸುಲಿದ ಜಿಂಕೆಕೊಂಬಿನ ಗಿಡ

ಮನೆಯಿಂದ
೧೪ನೇ ತಾರೀಖು, ಗುರುವಾರ ಬೆಳಗ್ಗೆ

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಎಂದಿದ್ದೆ. ಬಡಗಿಯನ್ನು ಕರೆಸಿದೆಯಾ, ಇಲ್ಲ ಪರೀಕ್ಷೆ ಮುಗಿಯಲಿ ಎಂದು ನಡುಗುತ್ತಾ ಕೂತಿದ್ದೀಯಾ? ನನ್ನ ಮಂಡಿನೋವು ಇದ್ದಲ್ಲೇ ಇದೆ, ಅದು ಬಿಟ್ಟುಹೋಗುವ ಜಾತಿಯದಲ್ಲ. ಫೋನಿರುವಾಗ ಅತ್ತೆ ಕಾಗದ ಯಾಕೆ ಬರೆದಳು ಎನ್ನಬೇಡ. ಫೋನಿನಲ್ಲಿ ನನ್ನ ನಾಲಿಗೆ ಸುಳ್ಳಿನ ಕಡೆಗೇ ಹೊರಳುತ್ತದೆ.

ನಿನ್ನ ಜಿಂಕೆಕೊಂಬಿನ ಗಿಡದ ವಿಷಯ. ನೀನು ಓದಲು ಹೊರಟ ಮರುವಾರ ಹಜಾರದ ಗೋಡೆಗೆ ತೂಗುಹಾಕಿದ ಹಲಗೆಯ ಮೇಲೆ ಮಣ್ಣಿಲ್ಲದೆ ಬೆಳೆಯುವ ಅದನ್ನು ಸರಿಯಾಗಿ ನೋಡಿದೆ. ಬುಡಕ್ಕೆ ಅಂಟಿಕೊಂಡ ಕಂದು ಎಲೆಗಳು ಒಣ ಕಾಗದದಂತಿದ್ದವು, ಕೊಂಬಿನಂಥ ಎಲೆಗಳ ಮೇಲೆಲ್ಲ ಬೂದಿಯಂಥ ಬಿಳುಪು. ಇಪ್ಪತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಬಟ್ಟೆ ಒಗೆದು ಕಲೆ ತೆಗೆದ ಕೈ ಸುಮ್ಮನಿದ್ದೀತೇ? ಕಂದು ಎಲೆಗಳನ್ನೆಲ್ಲ ಕಿತ್ತೆ, ಒದ್ದೆ ಬಟ್ಟೆಯಿಂದ ಬಿಳುಪನ್ನು ಒರೆಸಿದೆ, ಥಳಥಳ ಹೊಳೆಯಿತೆಂದು ಬೀಗಿದೆ ಕೂಡ. ಮೂರೇ ವಾರಕ್ಕೆ ಕೊಂಬುಗಳು ಹಿಂಡಿದ ಕಾಲುಚೀಲದಂತೆ ಜೋತುಬಿದ್ದವು. ಗಾಬರಿಯಲ್ಲಿ ದಿನಕ್ಕೆರಡು ಸಲ ನೀರು ಸುರಿದೆ, ಬುಡ ಕಪ್ಪಾಯಿತು.

ಗಿಡ ಹೇಗಿದೆಯೆಂದು ನೀನು ಫೋನಿನಲ್ಲಿ ಕೇಳಿದಾಗ ‘ಬಾಡಿದೆ, ನಿನ್ನ ಗಂಡನಿಗೆ ನೀರು ಹಾಕೋದು ಎಲ್ಲಿ ನೆನಪಿರುತ್ತೆ’ ಎಂದುಬಿಟ್ಟೆ. ಹೆತ್ತ ಮಗನ ತಲೆಗೇ ಕಟ್ಟಿದೆ. ಆ ಸಂಜೆ ನೀವಿಬ್ಬರೂ ಫೋನಿನಲ್ಲೇ ಜಗಳವಾಡಿದಿರಿ. ‘ನಾನು ಕೇಳಿಕೊಂಡಿದ್ದು ಅದೊಂದೇ ಅಲ್ವಾ’ ಎಂದು ನೀನು ಅತ್ತದ್ದು ಅವನ ಫೋನಿನಿಂದ ಪಕ್ಕದ ಕೋಣೆಗೂ ಕೇಳಿಸಿತು. ನಾನು ಅಲ್ಲೇ ದಿಂಬಿನ ಚೀಲಗಳನ್ನು ಮಡಚುತ್ತಿದ್ದೆ. ಎದ್ದು ಬಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದೆ. ಅವನೋ, ಪಾಪ, ‘ನಾನೇ ಮರೆತಿರಬೇಕು ಅಮ್ಮಾ’ ಎಂದು ನಂಬಿಕೊಂಡ. ಆಗಿನಿಂದ ನಿಮ್ಮ ಮಾತು ‘ಊಟ ಆಯ್ತಾ’, ‘ಆಯ್ತು’ ಅಷ್ಟಕ್ಕೇ ನಿಂತಿದೆ.

ಮರುದಿನ ಹಲಗೆಯನ್ನು ಹಳೆಯ ಚಾದರದಲ್ಲಿ ಸುತ್ತಿ ಬಸ್ಸಿನಲ್ಲಿ ನರ್ಸರಿಗೆ ಒಯ್ದೆ. ಅಲ್ಲಿಯ ಹೆಂಗಸು ನೋಡಿದವಳೇ ‘ಯಾರಮ್ಮಾ ಇದರ ಚರ್ಮ ಸುಲಿದಿದ್ದು?’ ಎಂದಳು. ಕಂದು ಎಲೆ ಕಸವಲ್ಲವಂತೆ, ಬೇರನ್ನು ಕಾಯುವ ಹೊದಿಕೆಯಂತೆ. ಬಿಳುಪು ಧೂಳಲ್ಲವಂತೆ, ಎಲೆ ಒಣಗದಂತೆ ತಡೆಯುವ ನವಿರು ಕೂದಲಂತೆ. ಸೊಸೆಯ ಗಿಡ ಎಂದೆ. ‘ಸೊಸೆ ಮೇಲೆ ಸಿಟ್ಟಾ?’ ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಕೊಳೆತದ್ದನ್ನು ಕತ್ತರಿಸಿ ಬುಡಕ್ಕೆ ಹೊಸ ಪಾಚಿ ಕಟ್ಟಿಕೊಟ್ಟಳು. ಎರಡು ತಿಂಗಳಿನಿಂದ ಅವಳು ಹೇಳಿದ ಹಾಗೇ ನಡೆದುಕೊಂಡಿದ್ದೇನೆ: ಬೆಳಕಿದ್ದೂ ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ತೂಗುಹಾಕಿ, ಪಾಚಿ ಮುಟ್ಟಿದರೆ ಒಣಗಿದ್ದಾಗ ಮಾತ್ರ ಹಲಗೆಯನ್ನು ಬಕೆಟ್ಟಿನಲ್ಲಿ ಹತ್ತು ನಿಮಿಷ ಮುಳುಗಿಸಿ, ನೀರೆಲ್ಲ ಸೋರಿದ ಮೇಲೆ ಮತ್ತೆ ಗೋಡೆಗೆ. ಒರೆಸುವ ಬಟ್ಟೆ ಅತ್ತ ಸುಳಿಯುವುದಿಲ್ಲ. ಎರಡು ಕೊಂಬು ಉಳಿಯಲಿಲ್ಲ. ಮೂರು ಸೆಟೆದು ನಿಂತಿವೆ. ಮೊನ್ನೆ ಬುಡದಲ್ಲಿ ಉಗುರಿನಷ್ಟಗಲದ ಹಸಿರು ಹೊದಿಕೆ ಎಲೆಯೊಂದು ಮೂಡಿತು. ಮಗನನ್ನು ಕೂಗಿ ತೋರಿಸಬೇಕೆನಿಸಿತು. ಯಾವ ಮುಖ ಇಟ್ಟುಕೊಂಡು ಕೂಗಲಿ?

ಬೈಯಬೇಕೆನಿಸಿದರೆ ಬೈದು ಬರೆ, ತಡೆದುಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಕಿವಿಗೆ ಬೆಚ್ಚಗೆ ಸುತ್ತಿಕೊಂಡು ಓದು. ನೀನು ಕೈಹಾಕಿದ್ದೆಲ್ಲ ಒಳ್ಳೆಯದಾಗಲಿ.

ನಿನ್ನ ಅತ್ತೆ

ತಾ.ಕ.: ಈ ಕಾಗದ ಸಿಕ್ಕಿದ ದಿನವೇ ಅವನಿಗೆ ಫೋನ್ ಮಾಡು. ಅವನಿಗೆ ನಾನಿನ್ನೂ ಹೇಳಿಲ್ಲ. ಮೊದಲು ಹೇಳಿದರೆ ‘ಹೋಗ್ಲಿ ಬಿಡಮ್ಮಾ, ಅವಳಿಗೆ ಗೊತ್ತಾಗೋದು ಬೇಡ’ ಅನ್ನುತ್ತಾನೆ, ನಾನೂ ಒಪ್ಪಿಬಿಡುತ್ತೇನೆ. ಅದಕ್ಕೇ ಇದನ್ನು ಅಂಚೆಡಬ್ಬಕ್ಕೆ ಹಾಕಿ ಬಂದೇ ಅವನ ಮುಂದೆ ಕೂರುವುದು. ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ.