ಸಟವಿ ತಾಯಿ ಬರುವ ಮೊದಲು

ಶುಕ್ರವಾರ, ರಾತ್ರಿ ಎರಡು ಗಂಟೆ. ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ಗಪ್ಪಾದವು. ಆ ಮೌನಕ್ಕೇ ಎಚ್ಚರವಾಯಿತು.

ಗೆಳತಿ ಮೃಣ್ಮಯಿ ಕೊಟ್ಟ ಕಾದಂಬರಿ ಎದೆಯ ಮೇಲೇ ಇತ್ತು. ಅದರಲ್ಲಿ ಹುಟ್ಟಿದ ಕೂಸುಗಳ ಬದುಕನ್ನು ಸರ್ಕಾರವೇ ಬರೆದಿಡುತ್ತದೆ. ನನ್ನ ಮಗಳಿಗೆ ಇಂದು ಐದನೇ ರಾತ್ರಿ. ಸಟವಿ ತಾಯಿ ಬಂದು ಹಣೆಬರಹ ಬರೆಯಲೆಂದು ಅವ್ವ ತೊಟ್ಟಿಲ ಬಳಿ ಖಾಲಿ ಹಾಳೆ, ಪೆನ್ನು ಇಟ್ಟಿದ್ದಳು.

ದೀಪದ ಬೆಳಕಿನಲ್ಲಿ ನೋಡಿದರೆ ಹಾಳೆಯ ಮೇಲೆ ಅಕ್ಷರ! ‘ಮಗ್ಗ ಬ್ಯಾಡ.’

“ಅವ್ವಾ, ಇದನ್ನ ಯಾರು ಬರದ್ರು?”

“ನಾನ ಬರದೇನಿ. ಮಗ್ಗದ ಕಂಡಿಕಿಗೆ ನೂಲು ಸುತ್ತಿ ಸುತ್ತಿ ನನ್ನ ಜಲ್ಮ ಹೋತು. ಆಕಿ ಬರೂದ್ರಾಗ ಹೇಳಿ ಇಟ್ಟೇನಿ. ಸುಮ್ಮ ಮಲಕೋ ಬೇ.”

ದೇವರಿಗೇ ಹೀಗೆ ಹೇಳುವುದೇ? ಅದೇ ಪೆನ್ನಿನಿಂದ ಡೈರಿಯಲ್ಲಿ ಇದನ್ನು ಬರೆಯುತ್ತಿದ್ದೇನೆ; ಫೋಟೊ ತೆಗೆದು ಈಗಲೇ ಮೃಣ್ಮಯಿಗೆ ಕಳಿಸುವೆ. ತೊಟ್ಟಿಲ ಬಳಿಯ ಹಾಳೆಯಲ್ಲಿ ಇನ್ನೂ ಜಾಗವಿದೆ. ಮೃಣ್ಮಯಿ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡೇ. ಬೇಡವಾದದ್ದನ್ನು ಅವ್ವ ಬರೆದಳು, ಬೇಕಾದದ್ದನ್ನು ನಾನು ಏನಂತ ಬರೆಯಲಿ?